ಬರುವುದಿಲ್ಲ ಎಂದರೆ ಏನು ಬರುವುದಿಲ್ಲ?

ಅರ್ಜಿ ತುಂಬುವಾಗ ಅತಿ ಕಷ್ಟದ ಕಾಲಂ ಯಾವುದು ಎಂದು ಯಾರಾದರೂ ಕೇಳಿದರೆ ನಾನು ಜಾತಿಯನ್ನಾಗಲಿ ಆದಾಯವನ್ನಾಗಲಿ ಹೇಳುವುದಿಲ್ಲ. ಅವುಗಳಿಗೆ ಪ್ರಮಾಣಪತ್ರ ಇರುತ್ತದೆ, ನೋಡಿಕೊಂಡು ತುಂಬಿದರೆ ಮುಗಿಯಿತು. ಜನರನ್ನು ತಡೆದು ನಿಲ್ಲಿಸುವುದು ‘ತಿಳಿದಿರುವ ಭಾಷೆಗಳು’ ಎಂಬ ಕಾಲಂ. ಅದರ ಮುಂದೆ ಸಾಮಾನ್ಯವಾಗಿ ಮೂರು ಚೌಕಗಳಿರುತ್ತವೆ: ಓದಲು, ಬರೆಯಲು, ಮಾತನಾಡಲು. ಕಲಬುರಗಿಯಲ್ಲಿ ನಾನು ನಡೆಸುವ ಜೆರಾಕ್ಸ್ ಮತ್ತು ಆನ್‌ಲೈನ್ ಅರ್ಜಿಗಳ ಅಂಗಡಿಗೆ ಬರುವವರು ಹೆಸರು, ಊರು, ಆಧಾರ್ ಸಂಖ್ಯೆ ಎಲ್ಲವನ್ನೂ ಪಟಪಟನೆ ಹೇಳಿ, ಈ ಕಾಲಮ್ಮಿಗೆ ಬಂದ ಕೂಡಲೇ ನನ್ನ ಮುಖ ನೋಡುತ್ತಾರೆ. “ಏನು ಹಾಕೋಣ ಅಣ್ಣಾ?”

ಕನ್ನಡಕ್ಕೆ ಮೂರೂ ಚೌಕದಲ್ಲಿ ಗುರುತು ಬೀಳುತ್ತದೆ. ತೊಡಕು ಶುರುವಾಗುವುದು ಆಮೇಲೆ. ಉರ್ದು ಓಣಿಯಲ್ಲಿ ಚಿಕ್ಕಂದಿನಿಂದ ಆಡಿದ್ದು, ಆದರೆ ಲಿಪಿ ಗೊತ್ತಿಲ್ಲ. ತೆಲುಗು ಅವ್ವನ ತವರಿನದು, ಕೇಳಿದರೆ ಪೂರ್ತಿ ತಿಳಿಯುತ್ತದೆ, ಬಾಯಿಗೆ ಬರುವುದಿಲ್ಲ. ಹಿಂದಿ ಶಾಲೆಯಲ್ಲಿ ಓದಿದ್ದು, ಬರೆಯಲು ಹೋದರೆ ಸ್ತ್ರೀಲಿಂಗ ಪುಲ್ಲಿಂಗ ಕೈಕೊಡುತ್ತದೆ. ಮರಾಠಿ ಸೊಲ್ಲಾಪುರದ ಸಂತೆಗೆ ಸಾಕಾಗುವಷ್ಟು. ಇಂಗ್ಲಿಷಿನದು ದೊಡ್ಡ ಪುರಾಣ. ಇಷ್ಟೆಲ್ಲವನ್ನೂ ಮೂರು ಚೌಕಗಳಿಗೆ ತುಂಬಲು ಆಗದೆ ಹೆಚ್ಚಿನವರು ಕೊನೆಗೆ ಕೈಚೆಲ್ಲುತ್ತಾರೆ: “ಬಿಡಿ ಅಣ್ಣಾ, ಬರುವುದಿಲ್ಲ ಎಂದೇ ಇರಲಿ.”

ಇರಲಿ ಎಂದು ಬಿಡಲು ನನಗೆ ಮನಸ್ಸಾಗುವುದಿಲ್ಲ. ಭಾಷೆ ಬರುವುದಿಲ್ಲ ಎಂದು ಹೇಳುವಾಗಲೂ ಬಿಡಿಸಿ ಹೇಳಬೇಕು, ಎಷ್ಟು ಬರುತ್ತದೆ, ಎಲ್ಲಿಗೆ ಬಂದು ನಿಲ್ಲುತ್ತದೆ ಎಂದು ತೋರಿಸಬೇಕು ಎಂಬುದು ನನ್ನ ಹಠ. ಇದನ್ನು ಬರೀ ವಿನಯದ ವಿಷಯ ಎಂದು ತಿಳಿಯಬೇಡಿ. ಒಬ್ಬರಿಗೆ ಕೆಲಸ ಸಿಗುವುದು, ಒಂದು ಮಗು ಯಾವ ತರಗತಿಯಲ್ಲಿ ಕೂರುತ್ತದೆ ಎಂಬುದು, ಆಸ್ಪತ್ರೆಯಲ್ಲಿ ವೈದ್ಯರು ಎಷ್ಟು ಹೊತ್ತು ಕಿವಿಗೊಡುತ್ತಾರೆ ಎಂಬುದು ಈ ಒಂದು ಮಾತಿನ ಮೇಲೆ ನಿಂತಿರುತ್ತದೆ.

ಆ ಮೂರು ಚೌಕಗಳಲ್ಲಿ ಏನು ಇಲ್ಲ ಎಂಬುದನ್ನು ಗಮನಿಸಿ. ಕೇಳಿ ತಿಳಿಯಲು ಎಂಬ ಚೌಕ ಇಲ್ಲ. ಕಣ್ಣಿಗೆ ಒಂದು, ಕೈಗೆ ಒಂದು, ಬಾಯಿಗೆ ಒಂದು ಚೌಕ ಮಾಡಿದವರು ಕಿವಿಯನ್ನು ಬಿಟ್ಟರು. ಬೇರೆ ಕಡೆ ಇದರಿಂದ ಎಷ್ಟು ನಷ್ಟವೋ, ನಮ್ಮ ಭಾಗದಲ್ಲಂತೂ ಬಹಳ ನಷ್ಟ. ಗುರುಮಠಕಲ್, ಸೇಡಂ, ಚಿಂಚೋಳಿಯ ಅಂಚಿನಲ್ಲಿ ತೆಲುಗು, ಆಳಂದ, ಭಾಲ್ಕಿ, ಔರಾದ್ ಕಡೆ ಮರಾಠಿ, ಕಲಬುರಗಿ, ಬೀದರ್ ಪೇಟೆಗಳಲ್ಲಿ ಉರ್ದು, ಅದರಲ್ಲೂ ನಮ್ಮ ದಖ್ಖನಿ, ತಾಂಡಾಗಳಲ್ಲಿ ಲಂಬಾಣಿ. ಬೀದರಿನ ನಾನಕ್ ಝೀರಾ ಗುರುದ್ವಾರದ ಸುತ್ತಲಿನ ಅಂಗಡಿಗಳಲ್ಲಿ ಪಂಜಾಬಿಯೂ ಕಿವಿಗೆ ಬೀಳುತ್ತದೆ. ಇಲ್ಲಿ ಬೆಳೆದವರ ಬಾಯಲ್ಲಿ ಇರುವುದಕ್ಕಿಂತ ಹೆಚ್ಚು ಭಾಷೆ ಕಿವಿಯಲ್ಲಿರುತ್ತದೆ. ಬಸ್ಸಿನಲ್ಲಿ ಹಿಂದಿನ ಸೀಟಿನವರು ಯಾವ ಭಾಷೆಯಲ್ಲಿ ಜಗಳವಾಡಿದರೂ ಯಾರ ತಪ್ಪು ಎಂದು ನಮಗೆ ತಿಳಿಯುತ್ತದೆ. ಅಷ್ಟು ತಿಳಿದವರನ್ನು ನಮೂನೆ ಆ ಭಾಷೆ ಬಾರದವರ ಸಾಲಿಗೆ ಸೇರಿಸುತ್ತದೆ.

ಯಾದಗಿರಿ ಜಿಲ್ಲೆಯ ಶಹಾಪುರ ಕಡೆಯ ಒಬ್ಬ ಹುಡುಗ ಬಯೋಡೇಟಾ ಮಾಡಿಸಲು ಬಂದಿದ್ದ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮ, ಆಮೇಲೆ ವಿಜ್ಞಾನ, ಬಿ.ಎಸ್ಸಿ. ರಸಾಯನಶಾಸ್ತ್ರದಲ್ಲಿ ಒಳ್ಳೆಯ ಅಂಕ. ಹೈದರಾಬಾದಿನ ಔಷಧ ಕಂಪನಿಯೊಂದಕ್ಕೆ ಅರ್ಜಿ ಹಾಕುವವನಿದ್ದ. ಭಾಷೆಯ ಕಾಲಮ್ಮಿಗೆ ಬಂದೆವು. ಇಂಗ್ಲಿಷ್ ಎಂದೆ.

“ಬರುವುದಿಲ್ಲ ಅಣ್ಣಾ, ಹಾಕಬೇಡಿ.”

“ಪರೀಕ್ಷೆ ಯಾವ ಭಾಷೆಯಲ್ಲಿ ಬರೆದೆ ತಮ್ಮಾ?”

“ಇಂಗ್ಲಿಷಿನಲ್ಲೇ. ಅದು ಬೇರೆ.”

ಅದು ಹೇಗೆ ಬೇರೆ ಎಂದು ನಾನು ವಾದ ಮಾಡಲಿಲ್ಲ. ಪ್ರಿಂಟರಿಗೆ ಹಾಕಲು ತರಿಸಿದ್ದ ಟೋನರಿನ ಡಬ್ಬಿ ಮೇಜಿನ ಮೇಲಿತ್ತು. ಅದರ ಪಕ್ಕೆಯಲ್ಲಿ ಇರುವೆ ಸಾಲಿನಂತಹ ಅಕ್ಷರಗಳಲ್ಲಿ ಇಂಗ್ಲಿಷಿನ ಸೂಚನೆಗಳು. ಇದರಲ್ಲಿ ಏನಿದೆ ನೋಡಿ ಹೇಳು ಎಂದು ಕೈಗೆ ಕೊಟ್ಟೆ. ಡಬ್ಬಿಯನ್ನು ಬೆಳಕಿಗೆ ಹಿಡಿದು, ತುಟಿ ಅಲ್ಲಾಡಿಸುತ್ತಾ ಓದಿದ. ಬಿಸಿಯ ಹತ್ತಿರ ಇಡಬಾರದು, ಬಿಸಿಲಿಗೆ ತೆರೆದಿಡಬಾರದು, ಪುಡಿ ಕೈಗೆ ತಾಗಿದರೆ ತಣ್ಣೀರಿನಲ್ಲಿ ತೊಳೆಯಬೇಕು, ಬಿಸಿನೀರು ಬೇಡ ಎಂದ. ಬಿಸಿನೀರು ಏಕೆ ಬೇಡ ಎಂಬುದು ಡಬ್ಬಿಯ ಮೇಲೆ ಇರಲಿಲ್ಲ. ಅದನ್ನು ಅವನೇ ಸೇರಿಸಿದ: “ಇದು ಪ್ಲಾಸ್ಟಿಕ್ಕಿನ ಪುಡಿ ಅಣ್ಣಾ, ಬಿಸಿಗೆ ಮೆತ್ತಗಾಗಿ ಅಂಟಿಕೊಳ್ಳುತ್ತದೆ. ಕಾಗದದ ಮೇಲೆ ಅಕ್ಷರ ನಿಲ್ಲುವುದೂ ಹಾಗೆಯೇ.”

ಇವನಿಗೆ ಇಂಗ್ಲಿಷ್ ಬರುವುದಿಲ್ಲವಂತೆ. ಒಂದಿಷ್ಟು ಮಾತನಾಡಿಸಿದಾಗ ಅವನ ಹೆದರಿಕೆ ಎಲ್ಲಿದೆ ಎಂದು ಗೊತ್ತಾಯಿತು. ಅಪರಿಚಿತರು ಎದುರು ಕುಳಿತು ಬಿರುಸಾಗಿ ಇಂಗ್ಲಿಷಿನಲ್ಲಿ ಕೇಳಿದಾಗ ನಾಲಿಗೆ ಕಟ್ಟುತ್ತದೆ. ಕಾಲೇಜಿನಲ್ಲಿ ಯಾರೂ ಇಂಗ್ಲಿಷಿನಲ್ಲಿ ಮಾತನಾಡಿರಲಿಲ್ಲ. ಪಾಠ ಕೇಳಿದ್ದು ಕನ್ನಡದಲ್ಲಿ, ಬರೆದದ್ದು ಇಂಗ್ಲಿಷಿನಲ್ಲಿ. ಹಾಗಿದ್ದರೆ ಬಾರದೇ ಇರುವುದು ಇಷ್ಟೇ: ಹೊಸಬರ ಮುಂದೆ ಬಾಯಿ. ಕಣ್ಣು ಬರುತ್ತದೆ, ಕೈ ಬರುತ್ತದೆ, ತನ್ನ ವಿಷಯದ ಮಟ್ಟಿಗೆ ತಲೆಯೂ ಬರುತ್ತದೆ.

ನಾವಿಬ್ಬರೂ ಸೇರಿ ಬರೆದದ್ದು ಹೀಗೆ: “ಇಂಗ್ಲಿಷ್: ರಸಾಯನಶಾಸ್ತ್ರದ ಪುಸ್ತಕ, ಸೂಚನೆ, ವರದಿಗಳನ್ನು ಓದಿ ಅರ್ಥಮಾಡಿಕೊಳ್ಳಬಲ್ಲೆ. ಪ್ರಯೋಗದ ವರದಿ ಬರೆಯಬಲ್ಲೆ. ನಿಧಾನವಾಗಿ ಹೇಳಿದರೆ ಕೇಳಿ ತಿಳಿಯಬಲ್ಲೆ. ಮಾತನಾಡುವ ರೂಢಿ ಕಡಿಮೆ.” ಕೊನೆಯ ವಾಕ್ಯ ತೆಗೆಯಿರಿ ಎಂದು ಅವನು ಕೇಳಿದ. ಬೇಡ, ಇರಲಿ ಎಂದೆ. ಆ ವಾಕ್ಯ ಅಲ್ಲಿದ್ದರೆ ಎದುರು ಕುಳಿತವರು ನಿಧಾನವಾಗಿ ಕೇಳಬಹುದು, ಕೇಳದಿದ್ದರೂ ಮೇಲಿನ ಮೂರು ಮಾತನ್ನು ನಂಬುತ್ತಾರೆ. ತನ್ನ ಕೊರತೆಯ ಗಡಿ ಗೊತ್ತಿರುವವನು ತನಗೆ ಬರುವುದರ ಬಗ್ಗೆ ಸುಳ್ಳು ಹೇಳುವುದಿಲ್ಲ ಎಂದು ಓದಿದವರಿಗೆ ಅನಿಸುತ್ತದೆ.

ನಾನು ಮಾಡಿದ್ದು ಹೊಸ ಶೋಧವೇನಲ್ಲ. ಯುರೋಪ್ ಮಂಡಳಿ 2001ರಲ್ಲಿ ಪ್ರಕಟಿಸಿದ ಭಾಷಾ ಚೌಕಟ್ಟು ಇದೇ ದಾರಿಯದು. ಎ1ರಿಂದ ಸಿ2ರವರೆಗೆ ಆರು ಮೆಟ್ಟಿಲು, ಮತ್ತು ಪ್ರತಿ ಮೆಟ್ಟಿಲಿನಲ್ಲೂ ಈ ಭಾಷೆಯಲ್ಲಿ ಏನು ಮಾಡಬಲ್ಲಿರಿ ಎಂಬ ವಿವರ. ಅದರಲ್ಲಿ ಕೇಳುವುದಕ್ಕೆ ಬೇರೆ ಸ್ಥಾನ ಇದೆ. ಮಾತಿನಲ್ಲೂ ಸಂಭಾಷಣೆ ಬೇರೆ, ಒಬ್ಬರೇ ನಿಂತು ವಿವರಿಸುವುದು ಬೇರೆ. ಒಬ್ಬನೇ ಮನುಷ್ಯ ಓದಿನಲ್ಲಿ ಮೇಲಿನ ಮೆಟ್ಟಿಲಲ್ಲಿದ್ದು ಮಾತಿನಲ್ಲಿ ಕೆಳಗಿನ ಮೆಟ್ಟಿಲಲ್ಲಿರಬಹುದು ಎಂದು ಅದು ಒಪ್ಪುತ್ತದೆ. ನಮ್ಮ ಅರ್ಜಿ ನಮೂನೆ ಸಿದ್ಧಪಡಿಸುವವರು ಇಷ್ಟನ್ನಾದರೂ ತೆಗೆದುಕೊಂಡರೆ ನಾನು ಕೈಮುಗಿಯುತ್ತೇನೆ.

ಹೇಳುವ ಮಾತಿನ ಬಗ್ಗೆ ಇನ್ನೊಂದು ಸಂಗತಿ. ನಮ್ಮ ಭಾಗದ ಭಾಷೆಗಳೆಲ್ಲ ಭಾಷೆಯ ಅರಿವನ್ನು ಒಂದೇ ಬಗೆಯಲ್ಲಿ ಹೇಳುತ್ತವೆ. ನಾವು ‘ನನಗೆ ಕನ್ನಡ ಬರುವುದಿಲ್ಲ’ ಎನ್ನುವುದನ್ನು ತೆಲುಗಿನವರು ‘ನಾಕು ಕನ್ನಡಂ ರಾದು’ ಎನ್ನುತ್ತಾರೆ, ಮರಾಠಿಯವರು ‘ಮಲಾ ಕಾನಡೀ ಯೇತ್ ನಾಹೀ’ ಎನ್ನುತ್ತಾರೆ, ಉರ್ದುವಿನವರು ‘ಮುಝೇ ಕನ್ನಡ ನಹೀಂ ಆತೀ’ ಎನ್ನುತ್ತಾರೆ. ಎರಡು ದ್ರಾವಿಡ ಭಾಷೆ, ಎರಡು ಆರ್ಯ ಭಾಷೆ. ನಾಲ್ಕರಲ್ಲೂ ಭಾಷೆ ಬರಬೇಕು, ಬರದಿದ್ದರೆ ಬರುವುದಿಲ್ಲ. ತಮಿಳಿಗೆ ಹೋದರೆ ‘ತೆರಿಯಾದು’, ಮಲಯಾಳಕ್ಕೆ ಹೋದರೆ ‘ಅರಿಯಿಲ್ಲ’, ಎರಡೂ ತಿಳಿಯುವುದಕ್ಕೆ ಸೇರಿದ ಮಾತು. ಒಂದೇ ಊರಿನಲ್ಲಿ ಬಹುಕಾಲ ಬಾಳಿದ ಭಾಷೆಗಳ ವಾಕ್ಯಗಳು ಒಂದರಂತೆ ಒಂದು ಆಗುವುದನ್ನು ಸಾಂಗ್ಲಿ ಜಿಲ್ಲೆಯ ಕುಪವಾಡ ಗ್ರಾಮದಲ್ಲಿ ಗಂಪರ್ಜ್ ಮತ್ತು ವಿಲ್ಸನ್ ಎಂಬ ವಿದ್ವಾಂಸರು ಅಧ್ಯಯನ ಮಾಡಿ 1971ರಲ್ಲಿ ಪ್ರಕಟಿಸಿದರು; ಅಲ್ಲಿಯೂ ಕನ್ನಡ, ಮರಾಠಿ, ಉರ್ದು ಮಾತನಾಡುವವರೇ. ನಮ್ಮ ಬೀದರಿನ ಯಾವ ಓಣಿಗೆ ಹೋದರೂ ಅಂತಹ ವಾಕ್ಯಗಳು ಸಿಗುತ್ತವೆ.

ಈ ‘ಬರುವುದಿಲ್ಲ’ ಒಳ್ಳೆಯ ಮಾತು. ಇದರಲ್ಲಿ ಹಟವಿಲ್ಲ, ತಿರಸ್ಕಾರವಿಲ್ಲ. ಬೇಡ ಎನ್ನಲು ನಮ್ಮಲ್ಲಿ ಬೇರೆಯೇ ಪದ ಇದೆ, ‘ಒಲ್ಲೆ’. ಬೆಂಗಳೂರಿನ ಮಾತಿನಲ್ಲಿ ಅದು ಅಪರೂಪವಾದರೂ ನಮ್ಮ ಕಡೆ ಮಕ್ಕಳು ಊಟಕ್ಕೂ ಒಲ್ಲೆ ಎನ್ನುತ್ತವೆ. ಒಲ್ಲೆ ಎಂಬುದು ಮನಸ್ಸಿನ ಮಾತು, ಬರುವುದಿಲ್ಲ ಎಂಬುದು ಶಕ್ತಿಯ ಮಾತು. ಕೇಳುವವರ ಕಿವಿಯಲ್ಲಿ ಮಾತ್ರ ಎರಡೂ ಕಲೆಸಿಹೋಗುತ್ತವೆ. ಸೇಡಂ ಸುತ್ತಲಿನ ಸಿಮೆಂಟ್ ಕಾರ್ಖಾನೆಗಳಿಗೆ, ಕಲಬುರಗಿಯ ದಾಲ್ ಮಿಲ್ಲುಗಳಿಗೆ, ಬ್ಯಾಂಕುಗಳಿಗೆ, ರೈಲ್ವೆಗೆ ಬೇರೆ ರಾಜ್ಯದವರು ಬರುತ್ತಾರೆ. ಅವರು ಮೊದಲು ಕಲಿಯುವ ಕನ್ನಡ ವಾಕ್ಯ ‘ಕನ್ನಡ ಗೊತ್ತಿಲ್ಲ’. ಕೌಂಟರಿನ ಈಚೆ ಪಿಂಚಣಿ ಪುಸ್ತಕ ಹಿಡಿದು ನಿಂತ ಮುದುಕರಿಗೆ ಅದು ‘ಕನ್ನಡ ಒಲ್ಲೆ’ ಎಂದೇ ಕೇಳಿಸುತ್ತದೆ. ಅವರ ತಪ್ಪಲ್ಲ. ಆ ವಾಕ್ಯ ಅಲ್ಲಿಗೇ ನಿಲ್ಲುತ್ತದೆ. ಮುಂದೆ ಏನು ಮಾಡಬೇಕು ಎಂದು ಅದು ಹೇಳುವುದಿಲ್ಲ. ಹಿಂದಿಯಲ್ಲಿ ಹೇಳಬೇಕೇ, ಯಾರನ್ನಾದರೂ ಕರೆತರಬೇಕೇ, ನಾಳೆ ಬರಬೇಕೇ?

ಅದೇ ಬ್ಯಾಂಕಿಗೆ ಬಂದ ಇನ್ನೊಬ್ಬ ಗುಮಾಸ್ತ ‘ನಿಧಾನವಾಗಿ ಹೇಳಿ, ತಿಳಿಯುತ್ತದೆ’ ಎಂಬುದನ್ನು ಮೊದಲ ವಾಕ್ಯವಾಗಿ ಕಲಿತರೆ? ಅವನಿಗೂ ಕನ್ನಡ ಬರುವುದು ಅಷ್ಟೇ, ಒಂದು ಪದವೂ ಹೆಚ್ಚಿಲ್ಲ. ಆದರೆ ಮುದುಕರಿಗೆ ಮಾಡಲು ಒಂದು ಕೆಲಸ ಸಿಕ್ಕಿತು: ನಿಧಾನವಾಗಿ ಹೇಳುವುದು. ಅವರು ಹೇಳುತ್ತಾರೆ. ನಮ್ಮ ಜನ ನಿಧಾನವಾಗಿ ಹೇಳಲು ಎಂದೂ ಬೇಸರ ಮಾಡಿಕೊಂಡವರಲ್ಲ. ಹೊರಗಿನಿಂದ ಬಂದವರಿಗೆ ಕನ್ನಡ ಕಲಿಸುವವರು ದಯವಿಟ್ಟು ‘ಗೊತ್ತಿಲ್ಲ’ ಎಂಬುದರಿಂದ ಪಾಠ ಆರಂಭಿಸಬೇಡಿ. ‘ಇನ್ನೊಮ್ಮೆ ಹೇಳಿ’, ‘ಇದಕ್ಕೆ ಕನ್ನಡದಲ್ಲಿ ಏನೆನ್ನುತ್ತಾರೆ’, ‘ಓದಲು ಬರುವುದಿಲ್ಲ, ಹೇಳಿದರೆ ತಿಳಿಯುತ್ತದೆ’ ಇವುಗಳಿಂದ ಆರಂಭಿಸಿ.

ನಮ್ಮ ಮುತ್ಯಾನ ವಿಷಯ ಹೇಳಲೇಬೇಕು. ದಿನವಿಡೀ ಕನ್ನಡ ಮಾತನಾಡುತ್ತಿದ್ದ, ಭಜನೆಯಲ್ಲಿ ತತ್ವಪದ ಹಾಡುತ್ತಿದ್ದ ಮನುಷ್ಯ. ಮನೆಗೆ ಕನ್ನಡ ಪತ್ರಿಕೆ ಬಂದರೆ ನನ್ನ ಕೈಗೆ ಕೊಟ್ಟು, “ನನಗೆ ಕನ್ನಡ ಬರುವುದಿಲ್ಲ, ನೀನೇ ಓದು” ಎನ್ನುತ್ತಿದ್ದ. ಆ ವಾಕ್ಯವನ್ನು ಕನ್ನಡದಲ್ಲೇ ಹೇಳುತ್ತಿದ್ದ. ಅವನು ಓದಿದ್ದು ನಿಜಾಮರ ಕಾಲದ ಶಾಲೆಯಲ್ಲಿ. ಹೈದರಾಬಾದ್ ಸಂಸ್ಥಾನದಲ್ಲಿ ಆಡಳಿತ ಉರ್ದುವಿನಲ್ಲಿ, ಕೋರ್ಟು ಉರ್ದುವಿನಲ್ಲಿ. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಬೋಧನೆಯೂ ಉರ್ದುವಿನಲ್ಲೇ. ಮುತ್ಯಾನ ಕೈಬರಹ ಬಲದಿಂದ ಎಡಕ್ಕೆ ಓಡುತ್ತಿತ್ತು. 1948ರ ಸೆಪ್ಟೆಂಬರಿನಲ್ಲಿ ಸಂಸ್ಥಾನ ಭಾರತಕ್ಕೆ ಸೇರಿತು, 1956ರ ನವೆಂಬರ್ 1ರಂದು ಬೀದರ್, ಕಲಬುರಗಿ, ರಾಯಚೂರು ಮೈಸೂರು ರಾಜ್ಯಕ್ಕೆ ಬಂದವು. ಕಾಗದದ ಭಾಷೆ ಅವನ ಮನೆಯ ಭಾಷೆಯೇ ಆಯಿತು, ಆದರೆ ಆ ಕಾಗದ ಓದಲು ಅವನಿಗೆ ಇನ್ನೊಬ್ಬರು ಬೇಕಾದರು.

ಅವನ ‘ಕನ್ನಡ ಬರುವುದಿಲ್ಲ’ ಎಂಬ ಮಾತಿನ ಅರ್ಥ ‘ಕನ್ನಡದ ಅಕ್ಷರ ಬರುವುದಿಲ್ಲ’ ಎಂದು. ಆ ತಲೆಮಾರಿನ ಅನೇಕರು ಹಾಗೆಯೇ ಹೇಳುತ್ತಿದ್ದರು. ಅವರ ಲೆಕ್ಕದಲ್ಲಿ ಆಡುವ ಮಾತು ಬರುವುದು ಎಂಬುದರಲ್ಲಿ ಸೇರುತ್ತಲೇ ಇರಲಿಲ್ಲ, ಅದು ಉಸಿರಾಟಕ್ಕೆ ಸೇರಿದ್ದು. ಈಗ ಚಕ್ರ ಪೂರ್ತಿ ತಿರುಗಿದೆ. ಹೊಲದ ಹಳೆಯ ಕಾಗದಗಳನ್ನು ಸ್ಕ್ಯಾನ್ ಮಾಡಿಸಲು ಮೊಮ್ಮಕ್ಕಳು ನನ್ನ ಅಂಗಡಿಗೆ ಬರುತ್ತಾರೆ, ಉರ್ದುವಿನಲ್ಲಿ ಏನು ಬರೆದಿದೆ ಎಂದು ಯಾರಿಗೂ ತಿಳಿಯುವುದಿಲ್ಲ. ನಿತ್ಯ ಉರ್ದು ಪತ್ರಿಕೆ ಓದುವವರಿಗೆ ತೋರಿಸಿದರೂ ಸಾಲುವುದಿಲ್ಲ. ಹಳೆಯ ಗುಮಾಸ್ತರ ಶಿಕಸ್ತಾ ಬರಹ, ಅಕ್ಷರ ಅಕ್ಷರಕ್ಕೆ ಕೊಂಡಿ ಹಾಕಿಕೊಂಡು ಓಡುವ ಬರಹ, ಮುದ್ರಿತ ಉರ್ದು ಓದಿದ ಕಣ್ಣಿಗೆ ದಕ್ಕುವುದಿಲ್ಲ. ‘ಉರ್ದು ಬರುತ್ತದೆ’ ಎಂಬ ಮಾತೂ ಅಲ್ಲಿಗೆ ಬಂದು ನಿಲ್ಲುತ್ತದೆ. ಯಾವ ಉರ್ದು, ಯಾರ ಕೈಯ ಉರ್ದು ಎಂದು ಕೇಳಬೇಕಾಗುತ್ತದೆ.

ಇದನ್ನೆಲ್ಲ ಬಿಡಿಸಿ ಹೇಳುವುದು ಕನ್ನಡಕ್ಕೆ ಹೊಸತಲ್ಲ, ನಮ್ಮ ಜಿಲ್ಲೆಗಂತೂ ಅಲ್ಲವೇ ಅಲ್ಲ. ಸೇಡಂ ತಾಲ್ಲೂಕಿನ ಮಳಖೇಡ, ಕಾಗಿಣಾ ನದಿಯ ದಡದ ಊರು, ರಾಷ್ಟ್ರಕೂಟರ ಮಾನ್ಯಖೇಟ. ಅಲ್ಲಿ ಒಂಬತ್ತನೆಯ ಶತಮಾನದಲ್ಲಿ ನೃಪತುಂಗನ ಆಸ್ಥಾನದ ಶ್ರೀವಿಜಯ ಕನ್ನಡಿಗರ ಬಗ್ಗೆ ‘ಕವಿರಾಜಮಾರ್ಗ’ದಲ್ಲಿ ಬರೆದ ಮಾತನ್ನು ಶಾಲೆಯಲ್ಲಿ ಎಲ್ಲರೂ ಓದಿದ್ದೇವೆ: “ಕುರಿತೋದದೆಯುಂ ಕಾವ್ಯಪ್ರಯೋಗ ಪರಿಣತಮತಿಗಳ್.” ಇದನ್ನು ನಾವು ಸಾಮಾನ್ಯವಾಗಿ ಹೆಮ್ಮೆಗಾಗಿ ಬಳಸುತ್ತೇವೆ, ನವೆಂಬರಿನ ಭಾಷಣಗಳಲ್ಲಿ. ನನಗೆ ಅದರಲ್ಲಿ ಹೆಚ್ಚು ಇಷ್ಟವಾಗುವುದು ಅದರ ಅಳತೆ. ಏನು ಇಲ್ಲ ಎಂಬುದನ್ನು ಅದು ಮುಚ್ಚಿಡುವುದಿಲ್ಲ: ಈ ಜನ ಉದ್ದೇಶಪಟ್ಟು ಓದಿಲ್ಲ. ಏನು ಇದೆ ಎಂಬುದನ್ನೂ ಕುಗ್ಗಿಸುವುದಿಲ್ಲ: ಕಾವ್ಯವನ್ನು ಬಳಸಬಲ್ಲ ಪಳಗಿದ ಬುದ್ಧಿ ಇದೆ. ಇಲ್ಲದ್ದನ್ನೂ ಇರುವುದನ್ನೂ ಒಂದೇ ಉಸಿರಿನಲ್ಲಿ, ಒಂದರಿಂದ ಇನ್ನೊಂದನ್ನು ಅಳಿಸದೆ ಹೇಳಿದ್ದಾನೆ.

ಅದರ ಪಕ್ಕದಲ್ಲಿ ಇಂದಿನ ಲೆಕ್ಕ ಇಟ್ಟು ನೋಡಿ. 2011ರ ಜನಗಣತಿಯ ಪ್ರಕಾರ ಏಳು ವರ್ಷ ಮತ್ತು ಮೇಲ್ಪಟ್ಟ ವಯಸ್ಸಿನವರು ಯಾವುದಾದರೂ ಒಂದು ಭಾಷೆಯನ್ನು ತಿಳಿದು ಓದಿ ಬರೆಯಬಲ್ಲವರಾದರೆ ಅಕ್ಷರಸ್ಥರು. ಓದಲು ಬಂದು ಬರೆಯಲು ಬಾರದವರು ಅಕ್ಷರಸ್ಥರಲ್ಲ. ಆ ಲೆಕ್ಕದಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇ. 52ರ ಆಸುಪಾಸು, ರಾಜ್ಯದಲ್ಲೇ ಕಡೆಯ ಸ್ಥಾನ. ಅಂಕಿ ಸರಿಯೇ ಇದೆ, ಅದು ನಮಗೆ ನೋವಿನ ಅಂಕಿ, ಶಾಲೆಗಳು ಇನ್ನೂ ಬೇಕು ಎಂದು ಕೂಗಿ ಹೇಳುವ ಅಂಕಿ. ನನ್ನ ತಕರಾರು ಅಂಕಿಯ ಮೇಲಲ್ಲ, ಅದನ್ನು ಹಿಡಿದು ‘ಅವರಿಗೆ ಏನೂ ಬರುವುದಿಲ್ಲ’ ಎಂದು ಸಲೀಸಾಗಿ ಹೇಳುವವರ ಮೇಲೆ. ಗುರುಮಠಕಲ್ ಸಂತೆಯಲ್ಲಿ ಕಾಯಿಪಲ್ಲೆ ಮಾರುವ ಹೆಣ್ಣುಮಗಳು ಕನ್ನಡದಲ್ಲಿ ಬೆಲೆ ಹೇಳಿ, ತೆಲುಗಿನಲ್ಲಿ ಚೌಕಾಸಿ ಮಾಡಿ, ಉರ್ದುವಿನಲ್ಲಿ ಚಿಲ್ಲರೆ ಕೇಳುತ್ತಾಳೆ. ಅಕ್ಷರ ಬಾರದವಳು ಎನ್ನಿ, ಒಪ್ಪುತ್ತೇನೆ. ಭಾಷೆ ಬಾರದವಳು ಎಂದರೆ ಒಪ್ಪುವುದಿಲ್ಲ.

ಇನ್ನು ನನಗೆ ಸಿಟ್ಟು ಬರಿಸುವ ವಿಷಯ. ನಮ್ಮ ಭಾಗದ ಮಕ್ಕಳು ತಮ್ಮ ಕನ್ನಡದ ಬಗ್ಗೆಯೇ ‘ಸರಿಯಾಗಿ ಬರುವುದಿಲ್ಲ’ ಎನ್ನುವುದು. ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿ ರಜೆಗೆ ಬಂದ ಒಬ್ಬ ಹುಡುಗಿ ಬಯೋಡೇಟಾ ತಿದ್ದಿಸಲು ಬಂದಿದ್ದಳು. ಹುಟ್ಟಿದ್ದು ಕಲಬುರಗಿ, ಬೆಳೆದದ್ದು ಕಲಬುರಗಿ, ಮನೆಯಲ್ಲಿ ಕನ್ನಡ ಬಿಟ್ಟು ಬೇರೆ ಇಲ್ಲ. ಕನ್ನಡದ ಎದುರು ‘ಮಾತನಾಡಲು: ಸಾಧಾರಣ’ ಎಂದು ಬರೆಯಲು ಹೇಳಿದಳು. ಏಕೆ ತಂಗಿ ಎಂದರೆ, “ಆಫೀಸಿನಲ್ಲಿ ನನ್ನ ಮಾತು ಕೇಳಿ ನಗುತ್ತಾರೆ ಅಣ್ಣಾ, ಇದು ಯಾವ ಕನ್ನಡ ಎನ್ನುತ್ತಾರೆ. ನಮ್ಮದು ಶುದ್ಧ ಕನ್ನಡ ಅಲ್ಲವಲ್ಲ.” ನಾನು ಟೈಪ್ ಮಾಡುವುದನ್ನು ನಿಲ್ಲಿಸಿದೆ. ಕಾವೇರಿಯಿಂದ ಗೋದಾವರಿಯವರೆಗೆ ಎಂದು ಕನ್ನಡ ನಾಡಿನ ಎಲ್ಲೆ ಬರೆದ ಕೃತಿ ಹುಟ್ಟಿದ ಜಿಲ್ಲೆಯ ಮಗಳು, ಶರಣರು ಕಟ್ಟಿದ ಕಲ್ಯಾಣದ ನೆರೆಯವಳು, ತನ್ನ ತಾಯಿಮಾತು ತನಗೆ ಸಾಧಾರಣವಾಗಿ ಬರುತ್ತದೆ ಎಂದು ಬರೆಸುತ್ತಿದ್ದಾಳೆ!

ಅವಳಿಗೆ ಬೆಂಗಳೂರಿನ ಕನ್ನಡದ ರೂಢಿ ಕಡಿಮೆ ಎಂದರೆ ಅದು ನಿಜವಾದ ಮಾತು, ಹಾಗೆಯೇ ನಕ್ಕವರಿಗೆ ಕಲಬುರಗಿಯ ಕನ್ನಡದ ರೂಢಿ ಇಲ್ಲ ಎಂಬುದೂ ನಿಜ. ಕೊರತೆ ಇಬ್ಬರ ನಡುವೆ ಸಮನಾಗಿದೆ, ಬರೆದುಕೊಂಡವಳು ಮಾತ್ರ ಒಬ್ಬಳು. ಒಂದು ಬಗೆಯ ಕನ್ನಡ ಬಾರದಿರುವುದನ್ನು ಕನ್ನಡವೇ ಬಾರದಿರುವುದು ಎಂದು ಹೇಳಿದರೆ ಅದು ಸುಳ್ಳು. ದಖ್ಖನಿ ಮಾತನಾಡುವ ನನ್ನ ನೆರೆಹೊರೆಯವರೂ ಇದೇ ಸುಳ್ಳನ್ನು ತಮ್ಮ ಮೇಲೆ ಹೊರಿಸಿಕೊಳ್ಳುತ್ತಾರೆ. ಬಹಮನಿಗಳ ಕಾಲದಿಂದ ಈ ನೆಲದಲ್ಲಿ ಬೆಳೆದು ಕಾವ್ಯ ಬರೆಸಿಕೊಂಡ ಮಾತು ಅವರದು. ಆದರೂ ಉತ್ತರದಿಂದ ಯಾರಾದರೂ ಬಂದರೆ ‘ನ‌ಮಗೆ ಉರ್ದು ಅಷ್ಟು ಬರುವುದಿಲ್ಲ ಸಾಹೇಬರೇ’ ಎಂದು ತಗ್ಗಿ ನಿಲ್ಲುತ್ತಾರೆ. ನನ್ನ ಅಂಗಡಿಯಲ್ಲಿ ತಾಯಿಮಾತಿನ ಎದುರು ‘ಸಾಧಾರಣ’ ಎಂದು ಯಾರಿಗೂ ಟೈಪ್ ಮಾಡಿಕೊಡುವುದಿಲ್ಲ. ಬೇಕಾದರೆ ಬೇರೆ ಅಂಗಡಿಗೆ ಹೋಗಲಿ.

ತನ್ನ ಬಗ್ಗೆ ತಾನು ಹೇಳಿಕೊಳ್ಳುವುದಾದರೂ ತನ್ನ ಕೈಯಲ್ಲಿದೆ. ಇನ್ನೊಬ್ಬರ ಬಗ್ಗೆ ಬರೆಯುವವರ ಹೊಣೆ ಹೆಚ್ಚಿನದು. ನಮ್ಮ ಜಿಲ್ಲೆಗಳಿಂದ ದುಡಿಯಲು ಪುಣೆಗೆ, ಮುಂಬೈಗೆ ಹೋದ ಕುಟುಂಬಗಳು ಮಕ್ಕಳ ಸಮೇತ ಹಿಂದಿರುಗುತ್ತವೆ. ಅಂತಹ ಒಬ್ಬ ಹುಡುಗನನ್ನು ಇಲ್ಲಿಯ ಸರ್ಕಾರಿ ಶಾಲೆಯೊಂದಕ್ಕೆ ಸೇರಿಸುವಾಗ ‘ಕನ್ನಡ ಬರುವುದಿಲ್ಲ’ ಎಂದು ಷರಾ ಬಿದ್ದಿತ್ತು, ಹಿಂದಿನ ತರಗತಿಗೆ ಕೂರಿಸುವ ಮಾತು ನಡೆದಿತ್ತು. ಅವನ ಹೊಸ ಶಿಕ್ಷಕಿ ನನ್ನ ಅಂಗಡಿಗೆ ಪ್ರಶ್ನೆಪತ್ರಿಕೆ ಪ್ರಿಂಟ್ ಮಾಡಿಸಲು ಬರುವವರು. ಅವರಿಗೆ ಆ ಷರಾ ಸರಿ ಕಾಣಲಿಲ್ಲ. ಹುಡುಗನ ಮನೆಗೆ ಹೋಗಿ ನೋಡಿದರೆ ಅಜ್ಜಿಯೊಂದಿಗೆ ಅವನು ಕನ್ನಡದಲ್ಲೇ ಮಾತನಾಡುತ್ತಿದ್ದಾನೆ. ಮರಾಠಿ ಪುಸ್ತಕ ಕೊಟ್ಟರೆ ತಡೆಯಿಲ್ಲದೆ ಓದುತ್ತಾನೆ. ಬಾರದಿದ್ದುದು ಲಿಪಿ ಮಾತ್ರ.

ಅವರು ಮಾಡಿದ ಕೆಲಸ ನನ್ನ ಕಣ್ಣೆದುರೇ ನಡೆಯಿತು. ಒಂದು ಹಾಳೆಯಲ್ಲಿ ಎಡಕ್ಕೆ ದೇವನಾಗರಿ, ಬಲಕ್ಕೆ ಕನ್ನಡ. ಕ ಖ ಗ ಘ ಎಂದು ಎರಡೂ ಒಂದೇ ಕ್ರಮದಲ್ಲಿ ಹೋಗುತ್ತವೆ, ಮರಾಠಿಯಲ್ಲಿ ನಮ್ಮ ಳ ಕಾರವೂ ಇದೆ. ಹುಡುಗನಿಗೆ ಹೊಸದಾಗಿ ಹೇಳಿಕೊಡಬೇಕಾದದ್ದು ಎ ಮತ್ತು ಏ, ಒ ಮತ್ತು ಓ ಎಂಬ ಹ್ರಸ್ವ ದೀರ್ಘ ಭೇದದ ಬರವಣಿಗೆ, ಮತ್ತು ನಮ್ಮ ಒತ್ತಕ್ಷರಗಳು ಕೆಳಗೆ ಇಳಿಯುವ ಬಗೆ. ಹಾಳೆಯನ್ನು ದೊಡ್ಡದು ಮಾಡಿ ಪ್ರಿಂಟ್ ತೆಗೆದು ಲ್ಯಾಮಿನೇಟ್ ಮಾಡಿಕೊಟ್ಟೆ. ‘ಕನ್ನಡ ಬರುವುದಿಲ್ಲ’ ಎಂಬ ಷರಾ ನಂಬಿದ್ದರೆ ಆ ಹುಡುಗನಿಗೆ ಅಮ್ಮ, ಮನೆ, ನೀರು ಎಂಬ ಪದಗಳ ಅರ್ಥ ಕಲಿಸುತ್ತಾ ಒಂದು ವರ್ಷ ಕಳೆಯುತ್ತಿದ್ದರು. ‘ಕನ್ನಡ ಮಾತನಾಡುತ್ತಾನೆ, ಮರಾಠಿ ಓದುತ್ತಾನೆ, ಕನ್ನಡ ಲಿಪಿ ಕಲಿಯಬೇಕು’ ಎಂದು ಶಿಕ್ಷಕಿ ತಮ್ಮ ಪುಸ್ತಕದಲ್ಲಿ ಬರೆದುಕೊಂಡರು. ಮುಂದೆ ಏನು ಮಾಡಬೇಕೆಂಬುದು ಆ ಒಂದು ವಾಕ್ಯದೊಳಗೇ ಇತ್ತು.

ಆಸ್ಪತ್ರೆಗಳಲ್ಲೂ ಹೀಗೆಯೇ ಆಗುತ್ತದೆ, ಅಲ್ಲಿ ನಷ್ಟ ಇನ್ನೂ ದೊಡ್ಡದು. ತಾಂಡಾದಿಂದ ಬಂದ ಮುದುಕಿಗೆ ‘ಭಾಷೆ ಬರುವುದಿಲ್ಲ’ ಎನ್ನುತ್ತಾರೆ. ಅವಳಿಗೆ ಲಂಬಾಣಿ ಬರುತ್ತದೆ, ಎದುರಿಗೆ ಕುಳಿತವರಿಗೆ ಬರುವುದಿಲ್ಲ. ‘ಲಂಬಾಣಿ ಮಾತನಾಡುತ್ತಾರೆ, ಕನ್ನಡ ಸ್ವಲ್ಪ ತಿಳಿಯುತ್ತದೆ, ಜೊತೆಗೆ ಮಗಳನ್ನು ಕರೆಯಿರಿ’ ಎಂದು ಚೀಟಿಯ ಮೂಲೆಯಲ್ಲಿ ಬರೆದರೆ ಮುಂದಿನ ಸಲ ನೋಡುವ ವೈದ್ಯರಿಗೆ ಎಷ್ಟು ಅನುಕೂಲ.

ಈ ಮಾತು ಈಗ ಹೇಳಲು ಕಾರಣವೂ ಇದೆ. ಮುಂದಿನ ಜನಗಣತಿಗೆ 2027ರ ಮಾರ್ಚ್ 1 ಉಲ್ಲೇಖ ದಿನಾಂಕ ಎಂದು ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿದೆ. 2011ರ ಗಣತಿಯಲ್ಲಿ ತಾಯಿಮಾತನ್ನು ಕೇಳಿ, ಆಮೇಲೆ ಗೊತ್ತಿರುವ ಬೇರೆ ಭಾಷೆಗಳನ್ನು ಕೇಳಿದ್ದರು, ಎರಡರವರೆಗೆ. ಆ ಪ್ರಶ್ನೆಗೆ ಓದು ಬರಹ ಬರಬೇಕಿಲ್ಲ, ತಿಳಿದು ಮಾತನಾಡಲು ಬಂದರೆ ಸಾಕು ಎಂದು ಗಣತಿದಾರರಿಗೆ ಸ್ಪಷ್ಟ ಸೂಚನೆ ಇತ್ತು. ನಮ್ಮ ಅರ್ಜಿ ನಮೂನೆಗಳಿಗಿಂತ ಗಣತಿಯ ಪ್ರಶ್ನೆ ಎಷ್ಟೋ ಉದಾರ. ಆದರೆ ಅದು ಮನೆ ಬಾಗಿಲಿಗೆ ಬಂದಾಗ ಒಳಗಿನಿಂದ ಅವ್ವ, ಅತ್ತೆ, ಅಜ್ಜಿ ಕೊಡುವ ಉತ್ತರ ‘ನಮಗೇನು ಬರುತ್ತದೆ ಬಿಡಿ, ಶಾಲೆಗೆ ಹೋದವರಲ್ಲ’ ಎಂದೇ. ಬರೆದುಕೊಳ್ಳುವವರಿಗೂ ಹತ್ತಾರು ಮನೆ ಮುಗಿಸುವ ಅವಸರ. ಭಾಷೆಯ ಕಾಲಂ ಖಾಲಿ ಉಳಿಯುತ್ತದೆ.

ಲಂಬಾಣಿಯವರ ವಿಷಯದಲ್ಲಿ ಇನ್ನೊಂದು ತಿರುವು ಇದೆ. ತಾಯಿಮಾತು ಲಂಬಾಣಿ ಎಂದು ಬರೆಸಿದರೂ ಗಣತಿಯ ಭಾಷಾ ಪಟ್ಟಿಯಲ್ಲಿ ಅದು ಹಿಂದಿಯ ಅಡಿಯಲ್ಲಿ ಗುಂಪಾಗುತ್ತದೆ; 2011ರಲ್ಲಿ ದೇಶದಲ್ಲಿ 30 ಲಕ್ಷಕ್ಕೂ ಹೆಚ್ಚು ಜನ ಹಾಗೆ ಸೇರಿದ್ದಾರೆ. ಹಿಂದಿ ಬಾರದ ತಾಂಡಾದ ಅಜ್ಜಿಯೂ ಆ ಮೊತ್ತದಲ್ಲಿ ಹಿಂದಿಯವಳೇ. ಆದರೂ ಪಟ್ಟಿಯೊಳಗೆ ಲಂಬಾಣಿಯ ಹೆಸರು, ಅದನ್ನು ಆಡುವವರ ಸಂಖ್ಯೆ ಬೇರೆಯಾಗಿ ಸಿಗುತ್ತದೆ, ಅದೂ ಬರೆಸಿದರೆ ಮಾತ್ರ.

ನಮ್ಮ ಮನೆಯಲ್ಲಿ ಈ ಚರ್ಚೆ ಈಗಲೇ ನಡೆದಿದೆ. ಅವ್ವನ ತಾಯಿಮಾತು ಕನ್ನಡ. ತವರು ಚಿಂಚೋಳಿ ಕಡೆ ಆದ್ದರಿಂದ ತೆಲುಗು ಮಾತನಾಡುತ್ತಾಳೆ. ಓಣಿಯ ಗೆಳತಿಯರೊಂದಿಗೆ ದಖ್ಖನಿ. ಮೊಮ್ಮಕ್ಕಳೊಂದಿಗೆ ಟಿವಿ ನೋಡಿ ಹಿಂದಿ ತಿಳಿಯುತ್ತದೆ, ಆಡುವುದಿಲ್ಲ. ಎರಡು ಸ್ಥಾನ ಇದ್ದರೆ ತೆಲುಗು ಮತ್ತು ಉರ್ದು ಬರೆಸಬೇಕು ಎಂದು ನಾನು, ಹಿಂದಿಯನ್ನೂ ಬಿಡಬಾರದು ಎಂದು ಮಗಳು. ಅವ್ವ ಮೊದಮೊದಲು “ನನಗೆಲ್ಲಿ ಬರುತ್ತದೆ” ಎಂದವಳು, ನಮ್ಮ ವಾದ ಕೇಳುತ್ತಾ ಕೇಳುತ್ತಾ ಒಂದು ಸಂಜೆ ಮರಾಠಿ ಅಭಂಗವೊಂದನ್ನು ಪೂರ್ತಿ ಹೇಳಿ, ಇದನ್ನು ಯಾವ ಕಾಲಮ್ಮಿನಲ್ಲಿ ಹಾಕುತ್ತೀರಿ ಎಂದು ಕೇಳಿದಳು. ಪಂಢರಪುರದ ವಾರಿಗೆ ಹೋಗುತ್ತಿದ್ದ ಸೋದರತ್ತೆಯಿಂದ ಕಲಿತದ್ದಂತೆ. ಅರ್ಥ ತಿಳಿಯುತ್ತದೆಯೇ ಎಂದೆ. ಸಾಲು ಸಾಲಾಗಿ ಕನ್ನಡದಲ್ಲಿ ಬಿಡಿಸಿ ಹೇಳಿದಳು.